ಮೂರನೇ ಕ್ಲಾಸಿಗೆ ಎಐ, ಆರನೇ ಕ್ಲಾಸಿಗೆ ಕೋಡಿಂಗ್: ಕಲಿಸೋರು ಯಾರು, ಯಾವ ಪೀರಿಯಡ್‌ನಲ್ಲಿ?

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದಿಂದ ಒಂದು ಪ್ರಕಟಣೆ ಬಂತು. 2026-27ರ ಶೈಕ್ಷಣಿಕ ವರ್ಷದಿಂದ ಮೂರನೇ ತರಗತಿಯಿಂದಲೇ ಎಐ ಮತ್ತು ಕಂಪ್ಯೂಟೇಶನಲ್ ಥಿಂಕಿಂಗ್ ಕಲಿಸಲಾಗುತ್ತದೆ, ಅದರ ಪಠ್ಯಕ್ರಮ ರೂಪಿಸಲು ಐಐಟಿ ಮದ್ರಾಸಿನ ಪ್ರೊ. ಕಾರ್ತಿಕ್ ರಾಮನ್ ನೇತೃತ್ವದಲ್ಲಿ ಸಿಬಿಎಸ್‌ಇ ಒಂದು ಸಮಿತಿ ಮಾಡಿದೆ ಎಂದು ಅದರಲ್ಲಿತ್ತು. ಅದಕ್ಕೂ ಮೊದಲು ಫೆಬ್ರುವರಿಯ ಬಜೆಟ್‌ನಲ್ಲಿ ಇನ್ನೊಂದು ಘೋಷಣೆ ಆಗಿತ್ತು: ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ 50,000 ಅಟಲ್ ಟಿಂಕರಿಂಗ್ ಲ್ಯಾಬ್, ಅಂದರೆ ಮಕ್ಕಳು ಕೈಯಾರೆ ಸಾಧನ ಕಟ್ಟಿ ಕಲಿಯುವ ಪ್ರಯೋಗಾಲಯ. ಅದಕ್ಕೂ ಹಿಂದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದ, ಅಂದರೆ ಆರನೇ ತರಗತಿಯಿಂದ, ಕೋಡಿಂಗ್ ಚಟುವಟಿಕೆ ಇರಬೇಕು ಎಂದಿತ್ತು.

ಇಷ್ಟೂ ಒಂದರ ಮೇಲೊಂದು ಬಂದು ಬಿದ್ದಾಗ ಅಪ್ಪ ಅಮ್ಮಂದಿರಿಗೆ ಗೊಂದಲ ಆಗುವುದು ಸಹಜ. ನಮ್ಮ ಮಗುವಿಗೂ ಕಡ್ಡಾಯನಾ? ಎಂಟು ವರ್ಷದ ಮಗುವಿಗೆ ಲ್ಯಾಪ್‌ಟಾಪ್ ಕೊಡಿಸಬೇಕಾ? ಟ್ಯೂಷನ್ ಹಾಕಬೇಕಾ? ಕನ್ನಡ ಮಾಧ್ಯಮದ ಮಕ್ಕಳ ಗತಿ ಏನು? ಒಂದೊಂದಾಗಿ ನೋಡೋಣ. ಕೊನೆಗೆ ಇದೆಲ್ಲ ಬಂದು ನಿಲ್ಲುವುದು ಒಂದೇ ಜಾಗದಲ್ಲಿ ಎಂಬುದು ಈ ಲೇಖನದ ವಾದ: ಯಂತ್ರ ಬರುತ್ತದೋ ಇಲ್ಲವೋ ಎಂಬುದಕ್ಕಿಂತ, ಆ ಶಾಲೆಯ ಮೇಷ್ಟ್ರಿಗೆ ಅದನ್ನು ಕಲಿಸುವ ಧೈರ್ಯ ಮತ್ತು ಟೈಮ್‌ಟೇಬಲ್‌ನಲ್ಲಿ ಜಾಗ ಎರಡೂ ಇವೆಯೇ ಎಂಬುದು ಮುಖ್ಯ.

ಯಾರಿಗೆ ಅನ್ವಯ, ಯಾರಿಗೆ ಅಲ್ಲ

1976ರ 42ನೇ ತಿದ್ದುಪಡಿಯ ನಂತರ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಆದರೆ ದಿನನಿತ್ಯ ಮಗುವಿನ ಬ್ಯಾಗಿನಲ್ಲಿ ಯಾವ ಪುಸ್ತಕ ಇರಬೇಕು ಎಂದು ತೀರ್ಮಾನಿಸುವುದು ಆ ಶಾಲೆ ಯಾವ ಮಂಡಳಿಗೆ ಸೇರಿದೆ ಎಂಬುದು. ಸಿಬಿಎಸ್‌ಇ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯ ಇವುಗಳಿಗೆ ಕೇಂದ್ರದ ತೀರ್ಮಾನ ನೇರವಾಗಿ ತಟ್ಟುತ್ತದೆ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಬದಲಾವಣೆ ಆಗಬೇಕಾದರೆ ರಾಜ್ಯ ಸರ್ಕಾರ ಒಪ್ಪಬೇಕು, ಡಿಎಸ್‌ಇಆರ್‌ಟಿ ಎಂಬ ರಾಜ್ಯದ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆ ಪಠ್ಯ ಸಿದ್ಧಪಡಿಸಬೇಕು. ರಾಜ್ಯ ತನ್ನದೇ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ಮಾಡಿ, 2025ರ ಆಗಸ್ಟ್‌ನಲ್ಲಿ ಅದರ ವರದಿಯನ್ನೂ ಪಡೆದಿದೆ. ಹಾಗಾಗಿ ದೆಹಲಿಯಲ್ಲಿ ಘೋಷಣೆ ಆಯಿತು ಎಂದ ಮಾತ್ರಕ್ಕೆ ಹಾವೇರಿಯ ಸರ್ಕಾರಿ ಶಾಲೆಯ ಮೂರನೇ ಕ್ಲಾಸಿನಲ್ಲಿ ಎಐ ಪಾಠ ಶುರುವಾಗುವುದಿಲ್ಲ.

ಆದರೆ ಒತ್ತಡ ಶುರುವಾಗುತ್ತದೆ. ಪಕ್ಕದ ಖಾಸಗಿ ಶಾಲೆ ದಾಖಲಾತಿ ಸಮಯದಲ್ಲಿ ರೋಬೋಟಿಕ್ಸ್ ಲ್ಯಾಬ್ ಇದೆ ಎಂದು ಬ್ಯಾನರ್ ಕಟ್ಟುತ್ತದೆ. ಅದನ್ನು ನೋಡಿದ ಪೋಷಕರು ಸರ್ಕಾರಿ ಶಾಲೆಯಲ್ಲಿ ಇದು ಇಲ್ಲವಲ್ಲ ಎಂದು ಕೇಳುತ್ತಾರೆ. ಕಾನೂನು ಬಲವಂತ ಮಾಡದಿದ್ದರೂ ಮಾರುಕಟ್ಟೆ ಮಾಡುತ್ತದೆ.

ಕಂಪ್ಯೂಟೇಶನಲ್ ಥಿಂಕಿಂಗ್, ಕೋಡಿಂಗ್, ಎಐ, ಕೈಯಾರೆ ಮಾಡುವುದು: ನಾಲ್ಕೂ ಬೇರೆ

ಸುದ್ದಿಯಲ್ಲಿ ಇವೆಲ್ಲ ಕಲಸಿಹೋಗಿವೆ. ಬಿಡಿಸಿ ನೋಡಿದರೆ ಅರ್ಧ ಗೊಂದಲ ಕಡಿಮೆ ಆಗುತ್ತದೆ.

ಕಂಪ್ಯೂಟೇಶನಲ್ ಥಿಂಕಿಂಗ್ ಎಂದರೆ ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಯಾವುದು ಮತ್ತೆ ಮತ್ತೆ ಬರುತ್ತದೆ ಎಂದು ಗುರುತಿಸಿ, ಇನ್ನೊಬ್ಬರು ತಪ್ಪಿಲ್ಲದೆ ಅನುಸರಿಸಬಹುದಾದ ಕ್ರಮ ಬರೆಯುವುದು. ಇದಕ್ಕೆ ಕಂಪ್ಯೂಟರ್ ಬೇಕಾಗಿಯೇ ಇಲ್ಲ. ಅಳಗುಳಿಮಣೆ ತೆಗೆದುಕೊಳ್ಳಿ. ಎರಡು ಸಾಲು, ಹದಿನಾಲ್ಕು ಗುಳಿ. ಒಂದು ಗುಳಿಯ ಕಾಳು ಎತ್ತಿಕೊಂಡು ಮುಂದಿನ ಒಂದೊಂದು ಗುಳಿಗೆ ಒಂದೊಂದು ಹಾಕುತ್ತಾ ಹೋಗಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯಲ್ಲಿ ಕಾಳಿದ್ದರೆ ಅದನ್ನು ಎತ್ತಿ ಮುಂದುವರಿಸಬೇಕು. ಅದು ಖಾಲಿ ಇದ್ದರೆ ಅದರಾಚೆಯ ಗುಳಿಯ ಕಾಳು ನಿಮ್ಮದು, ಆಟ ಎದುರಿನವರಿಗೆ. ಊರಿಂದೂರಿಗೆ ನಿಯಮ ಸ್ವಲ್ಪ ಬದಲಾಗಬಹುದು, ಆದರೆ ಒಳಗಿರುವ ಕಟ್ಟು ಇಷ್ಟೇ: ಇದು ಮುಗಿಯುವವರೆಗೆ ಹೀಗೆ ಮಾಡು, ಹೀಗಿದ್ದರೆ ಅದು, ಇಲ್ಲದಿದ್ದರೆ ಇದು. ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಮತ್ತು ಕಂಡಿಷನ್ ಎಂದು ಕರೆಯುವುದು ಇದನ್ನೇ. ಈ ಆಟ ಆಡಲು ಬಾರದ ಗೆಳೆಯನಿಗೆ ಓದಿಯೇ ಆಡುವಷ್ಟು ಸ್ಪಷ್ಟವಾಗಿ ನಿಯಮ ಬರೆದುಕೊಡು ಎಂದು ನಾಲ್ಕನೇ ಕ್ಲಾಸಿನ ಮಗುವಿಗೆ ಹೇಳಿದರೆ, ಅದು ಒಳ್ಳೆಯ ಕಂಪ್ಯೂಟೇಶನಲ್ ಥಿಂಕಿಂಗ್ ಪಾಠ. ಜೊತೆಗೆ ಕನ್ನಡ ಬರವಣಿಗೆಯ ಪಾಠವೂ ಹೌದು.

ಕೋಡಿಂಗ್ ಎಂದರೆ ಅದೇ ಕ್ರಮವನ್ನು ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆಯುವುದು. ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್ ಥರದ, ಬಣ್ಣದ ತುಂಡುಗಳನ್ನು ಜೋಡಿಸುವ ಸಾಧನಗಳಿವೆ. ದೊಡ್ಡವರಿಗೆ ಪೈಥಾನ್ ಥರದ, ಅಕ್ಷರದಲ್ಲೇ ಬರೆಯುವ ಭಾಷೆ.

ಎಐ ಪಾಠ ಎಂದರೆ ಇನ್ನೂ ಬೇರೆ. ಯಂತ್ರ ಉದಾಹರಣೆಗಳಿಂದ ಹೇಗೆ ಕಲಿಯುತ್ತದೆ, ಯಾಕೆ ತಪ್ಪುತ್ತದೆ, ಅದು ಹೇಳಿದ್ದನ್ನೆಲ್ಲ ಯಾಕೆ ನಂಬಬಾರದು ಎಂಬ ತಿಳಿವಳಿಕೆ.

ಇನ್ನು ಕೈಯಾರೆ ಮಾಡುವುದು. ಬಲ್ಬು, ಬ್ಯಾಟರಿ, ವೈರು, ರಟ್ಟು, ಮರ, ಮೋಟರು ಇಟ್ಟುಕೊಂಡು ಕೆಲಸ ಮಾಡುವ ಒಂದು ವಸ್ತು ಕಟ್ಟುವುದು. ಇಲ್ಲಿ ಕೋಡ್ ಇರಬಹುದು, ಇಲ್ಲದಿರಬಹುದು. ಮಣ್ಣು ಒಣಗಿದಾಗ ದೀಪ ಹೊತ್ತಿಸುವ ಪುಟ್ಟ ಸಾಧನವನ್ನು ಏಳನೇ ಕ್ಲಾಸಿನ ಮಕ್ಕಳು ಒಂದು ಸೆನ್ಸರ್, ಕೆಲವು ನೂರು ರೂಪಾಯಿಯ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡು ಮಾಡಬಹುದು. ಹಾಗೆ ಮಾಡುವಾಗ ವಿದ್ಯುತ್ ಮಂಡಲ ಅರ್ಥವಾಗುತ್ತದೆ, ಮಣ್ಣಿನ ತೇವ ಅರ್ಥವಾಗುತ್ತದೆ, ಕೋಡ್ ಎಲ್ಲಿ ತಪ್ಪಿತು ಎಂದು ಹುಡುಕುವ ತಾಳ್ಮೆಯೂ ಬರುತ್ತದೆ.

ಇದರಲ್ಲಿ ಯಾವುದನ್ನು ಯಾವ ವಯಸ್ಸಿಗೆ ಎಂಬುದೇ ನಿಜವಾದ ಚರ್ಚೆ. ಮೂರನೇ ಕ್ಲಾಸಿನಲ್ಲಿ ಅಳಗುಳಿಮಣೆ ಆಡಿಸಿದರೆ ಯಾರ ಆಕ್ಷೇಪವೂ ಇರಲಾರದು. ಮೂರನೇ ಕ್ಲಾಸಿನ ಮಗುವನ್ನು ಪರದೆಯ ಮುಂದೆ ಕೂರಿಸಿದರೆ ಆಕ್ಷೇಪ ಇರಲೇಬೇಕು.

ಇದು ಮೊದಲ ಸಲ ಅಲ್ಲ

1937ರಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟರು. ಕಸುಬಿನ ಸುತ್ತಲೇ ಕಲಿಕೆ ಇರಬೇಕು, ನೂಲುವಾಗಲೇ ಲೆಕ್ಕ ಮತ್ತು ವಿಜ್ಞಾನ ಬರಬೇಕು ಎಂಬುದು ಅದರ ಆಲೋಚನೆ. ಝಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ಕೊಟ್ಟಿತು. ಸ್ವಾತಂತ್ರ್ಯದ ನಂತರ ಅದು ಬರಬರುತ್ತಾ ಕ್ರಾಫ್ಟ್ ಪೀರಿಯಡ್ ಆಯಿತು, ಆಮೇಲೆ ಕಾರ್ಯಾನುಭವ ಆಯಿತು, ಪರೀಕ್ಷೆಗೆ ಬರದ ವಿಷಯ ಆಯಿತು. ಪರೀಕ್ಷೆಗೆ ಬರದ ವಿಷಯದ ಪೀರಿಯಡ್ ಗಣಿತಕ್ಕೆ ಹೋಗುವುದು ಎಲ್ಲರೂ ಕಂಡದ್ದೇ ಅಲ್ವಾ.

ಕಂಪ್ಯೂಟರ್ ಕಡೆ ಬಂದರೆ, 1967ರಲ್ಲಿ ಅಮೆರಿಕದಲ್ಲಿ ಸೀಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋಯರ್‌ಝೈಗ್ ಮಕ್ಕಳಿಗಾಗಿ ಲೋಗೊ ಭಾಷೆ ಮಾಡಿದರು. ಪರದೆಯ ಮೇಲಿನ ಆಮೆ ಎಂಬ ಗುರುತಿಗೆ ಹೆಜ್ಜೆ ಹೇಳಿಕೊಟ್ಟು ಚೌಕ, ನಕ್ಷತ್ರ ಬಿಡಿಸುವುದು. ಭಾರತದಲ್ಲಿ 1984ರಲ್ಲಿ ಕ್ಲಾಸ್ ಎಂಬ ಹೆಸರಿನ ಯೋಜನೆ ಶುರುವಾಗಿ, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳು ಬಂದವು. ಅಂದರೆ ನಾಲ್ಕು ದಶಕದ ಹಿಂದೆಯೇ ನಮ್ಮಲ್ಲಿ ಶಾಲಾ ಕಂಪ್ಯೂಟರ್ ಶಿಕ್ಷಣ ಶುರುವಾಗಿದೆ. ಆದರೂ ಇವತ್ತು ಮೊದಲಿನಿಂದ ಶುರು ಮಾಡಬೇಕು ಎಂಬ ಹಾಗೆ ಮಾತಾಡುತ್ತಿದ್ದೇವೆ ಎಂದರೆ, ನಡುವೆ ಎಲ್ಲೋ ಸರಪಳಿ ಕಡಿದಿದೆ ಎಂದರ್ಥ. ಎಲ್ಲಿ ಕಡಿಯಿತು ಎಂಬುದಕ್ಕೆ ಕರ್ನಾಟಕದಲ್ಲೇ ಉತ್ತರ ಇದೆ. ಅದಕ್ಕೆ ಮುಂದೆ ಬರೋಣ.

ಕೋಡಿಂಗ್ ಕಲಿತರೆ ಗಣಿತ ಸುಧಾರಿಸುತ್ತದಾ?

ಪರವಾಗಿ ಮಾತಾಡುವವರ ದೊಡ್ಡ ವಾದ ಇದು: ಕೋಡಿಂಗ್ ಕಲಿತ ಮಗು ಎಲ್ಲ ವಿಷಯದಲ್ಲೂ ಚೆನ್ನಾಗಿ ಯೋಚಿಸುತ್ತದೆ. ಕೇಳಲು ಚೆಂದ. ಆದರೆ ಪರೀಕ್ಷಿಸಿ ನೋಡಿದವರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1980ರ ದಶಕದಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಎಂಬ ಸಂಶೋಧಕರು ನ್ಯೂಯಾರ್ಕಿನಲ್ಲಿ ಲೋಗೊ ಕಲಿತ ಮಕ್ಕಳನ್ನು ಅಧ್ಯಯನ ಮಾಡಿದಾಗ, ಬೇರೆ ಕೆಲಸಗಳನ್ನು ಯೋಜಿಸುವ ಸಾಮರ್ಥ್ಯದಲ್ಲಿ ಅವರು ಉಳಿದವರಿಗಿಂತ ಮುಂದಿರಲಿಲ್ಲ. ಇತ್ತೀಚೆಗೆ ಇಂಗ್ಲೆಂಡಿನಲ್ಲಿ ಸ್ಕ್ರ್ಯಾಚ್‌ಮ್ಯಾತ್ಸ್ ಎಂಬ ಕಾರ್ಯಕ್ರಮವನ್ನು ನೂರಕ್ಕೂ ಹೆಚ್ಚು ಶಾಲೆಗಳಲ್ಲಿ ಪರೀಕ್ಷಿಸಿದರು. ಗಣಿತದ ಕಲ್ಪನೆಗಳನ್ನು ಸ್ಕ್ರ್ಯಾಚ್ ಮೂಲಕ ಕಲಿಸುವ ಎರಡು ವರ್ಷದ ಕಾರ್ಯಕ್ರಮ ಅದು. 2018ರಲ್ಲಿ ಫಲಿತಾಂಶ ಬಂತು. ಮೊದಲ ವರ್ಷದ ಕೊನೆಗೆ ಮಕ್ಕಳ ಕಂಪ್ಯೂಟೇಶನಲ್ ಥಿಂಕಿಂಗ್ ಸುಧಾರಿಸಿತ್ತು. ಗಣಿತದ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಕೋಡಿಂಗ್ ಬೇಡವಾ? ಹಾಗಲ್ಲ. ಕೋಡಿಂಗ್ ಕಲಿಸಿದರೆ ಮಗು ಕೋಡಿಂಗ್ ಕಲಿಯುತ್ತದೆ, ಅದಕ್ಕೆ ಅದರದೇ ಬೆಲೆ ಇದೆ. ಒಂದು ಕೌಶಲ ಬೇರೆ ಕಡೆ ಹರಿಯಬೇಕಾದರೆ ಮೇಷ್ಟ್ರು ಸೇತುವೆ ಕಟ್ಟಬೇಕು: ಇಲ್ಲಿ ತಪ್ಪು ಹೇಗೆ ಹುಡುಕಿದೆ, ಅದನ್ನೇ ಈ ಲೆಕ್ಕದಲ್ಲಿ ಮಾಡಿ ನೋಡು ಎಂದು ಹೇಳಬೇಕು. 1988ರಲ್ಲಿ ಕ್ಲಾರ್ ಮತ್ತು ಕಾರ್ವರ್ ಮಾಡಿದ ಅಧ್ಯಯನದಲ್ಲಿ ತಪ್ಪು ಹುಡುಕುವ ಕ್ರಮವನ್ನು ಬಿಡಿಸಿ ಬಿಡಿಸಿ ಕಲಿಸಿದಾಗ ಮಕ್ಕಳು ಅದನ್ನು ಕಂಪ್ಯೂಟರ್ ಇಲ್ಲದ ಕಡೆಯೂ ಬಳಸಿದರು. ತಾನಾಗಿಯೇ ಆಗಲಿಲ್ಲ, ಕಲಿಸಿದ್ದರಿಂದ ಆಯಿತು. ಮಗುವಿಗೆ ಆ್ಯಪ್ ಕೊಟ್ಟು ಬಿಟ್ಟರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತಿಗೆ ಆಧಾರ ಸಿಗುವುದಿಲ್ಲ. ಮತ್ತೆ ಮೇಷ್ಟ್ರ ಹತ್ತಿರವೇ ಬಂದೆವು ನೋಡಿ.

ಭಯ ಮಾರುವವರು

ಈ ವ್ಯತ್ಯಾಸ ಗೊತ್ತಿಲ್ಲದ ಪೋಷಕರ ಭಯವೇ ಒಂದು ದೊಡ್ಡ ವ್ಯಾಪಾರ ಆಯಿತು. 2020ರಲ್ಲಿ, ಲಾಕ್‌ಡೌನ್ ಸಮಯದಲ್ಲಿ, ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿಯ ಕೋಡಿಂಗ್ ಜಾಹೀರಾತುಗಳು ಎಲ್ಲೆಡೆ ಕಾಣಿಸುತ್ತಿದ್ದವು. ಆ ಆಗಸ್ಟ್‌ನಲ್ಲಿ ಬೈಜೂಸ್ ಅದನ್ನು 30 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಕೆಲವೇ ತಿಂಗಳಲ್ಲಿ ಜಾಹೀರಾತು ಮಾನದಂಡ ಮಂಡಳಿ ಅದರ ಕೆಲವು ಜಾಹೀರಾತುಗಳನ್ನು ತೆಗೆಯುವಂತೆ ಹೇಳಬೇಕಾಯಿತು. ಆರು ವರ್ಷದ ಮಗು ಕೋಡಿಂಗ್ ಕಲಿಯದಿದ್ದರೆ ಕೈತಪ್ಪಿ ಹೋಯಿತು ಎನ್ನುವುದಕ್ಕೆ ಆಗಲೂ ಆಧಾರ ಇರಲಿಲ್ಲ, ಈಗಲೂ ಇಲ್ಲ. ಒಳ್ಳೆಯ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಎಷ್ಟೋ ಜನ ಕಾಲೇಜಿಗೆ ಬಂದ ಮೇಲೆಯೇ ಮೊದಲ ಪ್ರೋಗ್ರಾಂ ಬರೆದವರು. ಈಗ ಎಐ ಹೆಸರಿನಲ್ಲಿ ಅದೇ ಅಲೆ ಮತ್ತೆ ಏಳುವ ಸಾಧ್ಯತೆ ಜಾಸ್ತಿ. ದುಡ್ಡು ಕಟ್ಟುವ ಮುಂಚೆ ಪೋಷಕರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ನಾವು ಒಂದು ದಾರಿ ಹಿಡಿದೆವು, ಕೇರಳ ಇನ್ನೊಂದು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಎರಡೂ ರಾಜ್ಯಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಟವು.

ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆ ಬಂತು. ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಲ್ಯಾಬ್. ಕಂಪ್ಯೂಟರ್ ತರುವುದು, ಲ್ಯಾಬ್ ನಡೆಸುವುದು, ಪಾಠ ಮಾಡಲು ಜನ ಕಳಿಸುವುದು ಎಲ್ಲ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ. ಕಾಗದದ ಮೇಲೆ ಇದು ಅಚ್ಚುಕಟ್ಟು, ಸರ್ಕಾರಕ್ಕೆ ತಲೆನೋವಿಲ್ಲ. ಆದರೆ ಪರಿಣಾಮ ಏನಾಯಿತು ನೋಡಿ. ಕಂಪ್ಯೂಟರ್ ಪಾಠ ಹೊರಗಿನಿಂದ ಬಂದ, ಕಡಿಮೆ ಸಂಬಳದ ಒಬ್ಬ ತರಬೇತುದಾರರ ಕೆಲಸವಾಯಿತು. ಶಾಲೆಯ ಗಣಿತ, ವಿಜ್ಞಾನ, ಕನ್ನಡ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧ ಬೆಳೆಯಲಿಲ್ಲ. ಮಕ್ಕಳು ವರ್ಡ್, ಎಕ್ಸೆಲ್, ಪೇಂಟ್ ಕಲಿತರು, ಅದು ಅವರ ಪಾಠಗಳ ಜೊತೆ ಸೇರಲಿಲ್ಲ. ಒಪ್ಪಂದ ಮುಗಿದಾಗ ತರಬೇತುದಾರರೂ ಹೋದರು. ಉಳಿದದ್ದು ಹಳೆಯದಾಗುತ್ತಿದ್ದ ಯಂತ್ರಗಳು ಮತ್ತು ಅವುಗಳನ್ನು ಮುಟ್ಟಲು ಹಿಂಜರಿಯುವ ಶಿಕ್ಷಕರು.

ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಶುರುವಾಯಿತು. ಅವರು ಗುತ್ತಿಗೆ ಕೊಡಲಿಲ್ಲ, ಇರುವ ಶಿಕ್ಷಕರಿಗೇ ತರಬೇತಿ ಕೊಟ್ಟರು. ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಐಟಿ ಹೊಣೆ. ದುಬಾರಿ ಸಾಫ್ಟ್‌ವೇರ್ ಬಿಟ್ಟು ಮುಕ್ತ ತಂತ್ರಾಂಶಕ್ಕೆ ಹೋದರು. ಇದರಿಂದ ಪರವಾನಗಿ ಹಣ ಉಳಿಯಿತು, ಅದಕ್ಕಿಂತ ಮುಖ್ಯವಾಗಿ ಸಾಫ್ಟ್‌ವೇರನ್ನು ತಮಗೆ ಬೇಕಾದಂತೆ, ತಮ್ಮ ಭಾಷೆಗೆ ಬದಲಿಸಿಕೊಳ್ಳುವ ಅವಕಾಶ ಸಿಕ್ಕಿತು. ಐಟಿಯನ್ನು ಪರೀಕ್ಷೆಯ ವಿಷಯವನ್ನಾಗಿಯೂ ಮಾಡಿದರು, ಹಾಗಾಗಿ ಪೀರಿಯಡ್ ಕಳೆದುಹೋಗಲಿಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಎರಡು ದಾರಿಗಳನ್ನು ಹೋಲಿಸಿ ಅಧ್ಯಯನ ಮಾಡಿ, ಶಿಕ್ಷಕರನ್ನು ನಡುವೆ ಇಟ್ಟ ಕೇರಳದ ಮಾದರಿಯೇ ಉಳಿಯುವಂಥದ್ದು ಎಂದು ಹೇಳಿತ್ತು.

ಆ ತಳಪಾಯದ ಮೇಲೆ ಏನು ನಿಂತಿತು? ಈಗ ಕೈಟ್ ಎಂಬ ಸರ್ಕಾರಿ ಸಂಸ್ಥೆ ಅದನ್ನು ನಡೆಸುತ್ತಿದೆ. 2018ರಲ್ಲಿ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕ್ಲಬ್‌ಗಳು ಶುರುವಾದವು. 2022ರ ಡಿಸೆಂಬರ್‌ನಲ್ಲಿ 2,000 ಪ್ರೌಢಶಾಲೆಗಳಿಗೆ 9,000 ರೋಬೋಟಿಕ್ ಕಿಟ್ ಕೊಡುವ ಕೆಲಸ ಶುರುವಾಯಿತು. 2025-26ರಲ್ಲಿ ಹತ್ತನೇ ತರಗತಿಯ ಸುಮಾರು 4.3 ಲಕ್ಷ ಮಕ್ಕಳಿಗೆ, ಅಂದರೆ ರಾಜ್ಯ ಪಠ್ಯಕ್ರಮದ ಎಲ್ಲ ಮಕ್ಕಳಿಗೆ, ರೋಬೋಟಿಕ್ಸ್ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ, ಪಾಠದ ಭಾಗವಾಯಿತು.

ಕನ್ನಡಿಗರಿಗೆ ಇದರಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಕೇರಳದ ಐಸಿಟಿ ಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳು ಜೊತೆಗೆ ಕನ್ನಡದಲ್ಲೂ ಬರುತ್ತವೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ. ಅಂದರೆ ಕೋಡಿಂಗ್, ಸೆನ್ಸರ್, ಸರ್ಕ್ಯೂಟ್ ಎಲ್ಲವನ್ನೂ ಕನ್ನಡದಲ್ಲಿ ಶಾಲಾ ಪಠ್ಯವಾಗಿ ಬರೆಯಲು ಸಾಧ್ಯ ಎಂಬುದು ಗಡಿಯ ಆಚೆ ಆಗಲೇ ಸಾಬೀತಾಗಿದೆ. ಇಂಗ್ಲಿಷ್ ಇಲ್ಲದೆ ಇದೆಲ್ಲ ಆಗುವುದಿಲ್ಲ ಎಂದು ಬೆಂಗಳೂರಿನಲ್ಲಿ ಕೂತು ಹೇಳುವವರು ಇದನ್ನು ಒಮ್ಮೆ ತರಿಸಿ ನೋಡಬೇಕು.

ಕರ್ನಾಟಕ ಸುಮ್ನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ನಂತರದ ವರ್ಷಗಳಲ್ಲಿ ಡಿಎಸ್‌ಇಆರ್‌ಟಿ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳು ಬಂದವು, ಶಿಕ್ಷಕರೇ ಬರೆದ ಮುಕ್ತ ಕಲಿಕಾ ಸಾಮಗ್ರಿಯ ತಾಣ ಬಂತು, ತಂತ್ರಜ್ಞಾನ ಬಳಸಿ ಪಾಠ ಮಾಡುವ ಬಗ್ಗೆ ಟಾಲ್ಪ್ ಹೆಸರಿನಲ್ಲಿ ಶಿಕ್ಷಕರ ತರಬೇತಿ ನಡೆಯಿತು. ಇವೆಲ್ಲ ಸರಿಯಾದ ದಿಕ್ಕು. ಆದರೆ ಒಂದು ಯೋಜನೆ ಮುಗಿದು ಇನ್ನೊಂದು ಬರುವಾಗ ಮೊದಲಿನದರ ಕಸುವು ಸೋರಿಹೋಗುತ್ತದೆ. ಎರಡು ದಶಕ ಒಂದೇ ದಾರಿಯಲ್ಲಿ ನಡೆದದ್ದೇ ಕೇರಳದ ಬಲ.

ಲ್ಯಾಬ್ ಬಂದ ಮೇಲೆ ಏನು?

ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ನೀತಿ ಆಯೋಗದ ಅಡಿ ಶುರುವಾಯಿತು. 2025ರ ಹೊತ್ತಿಗೆ ದೇಶದಲ್ಲಿ ಹತ್ತು ಸಾವಿರ ಲ್ಯಾಬ್ ಆಗಿದ್ದವು. ಒಂದು ಶಾಲೆಗೆ 20 ಲಕ್ಷ ರೂಪಾಯಿ: 10 ಲಕ್ಷ ಉಪಕರಣಕ್ಕೆ, ಉಳಿದ 10 ಲಕ್ಷ ಐದು ವರ್ಷ ನಡೆಸುವುದಕ್ಕೆ. 3ಡಿ ಪ್ರಿಂಟರ್, ಸೆನ್ಸರ್, ಮೋಟರ್, ಸಣ್ಣ ಕಂಪ್ಯೂಟರ್ ಬೋರ್ಡ್ ಎಲ್ಲ ಬರುತ್ತದೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಇದು ನಿಜಕ್ಕೂ ದೊಡ್ಡ ಅವಕಾಶ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಮೇಷ್ಟ್ರಿರುವ ಕಡೆ ಮಕ್ಕಳು ಬೆರಗಾಗುವಂಥ ಕೆಲಸ ಮಾಡಿದ್ದಾರೆ.

ಕಷ್ಟ ಬೇರೆ ಕಡೆ ಇದೆ. ಆರಂಭದ ನಿಯಮಗಳ ಪ್ರಕಾರ ಗುಡ್ಡಗಾಡಲ್ಲದ ಪ್ರದೇಶದ ಶಾಲೆ 1500 ಚದರ ಅಡಿ ಜಾಗ ತೋರಿಸಬೇಕಿತ್ತು. ಕೋಣೆಯೇ ಸಾಲದ ಶಾಲೆ ಅಲ್ಲೇ ಹೊರಗೆ ಉಳಿಯಿತು. ಆಮೇಲೆ, ಕೈಯಾರೆ ಮಾಡುವ ಕಲಿಕೆಯಲ್ಲಿ ಸಾಮಾನು ಖರ್ಚಾಗುವುದು ಸಹಜ. ಎಲ್‌ಇಡಿ ಸುಡುತ್ತದೆ, ವೈರು ತುಂಡಾಗುತ್ತದೆ, ಬ್ಯಾಟರಿ ಮುಗಿಯುತ್ತದೆ. ಆದರೆ ಸರ್ಕಾರಿ ಶಾಲೆಯಲ್ಲಿ ದಾಸ್ತಾನು ಪುಸ್ತಕ ಇದೆ, ಆಡಿಟ್ ಇದೆ. ಹಾಳಾದರೆ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು. ಹಾಗಾಗಿ ಅವರು ಬೀಗ ಹಾಕುತ್ತಾರೆ. ಅದು ಅವರ ಸೋಮಾರಿತನ ಅಲ್ಲ, ವ್ಯವಸ್ಥೆ ಅವರನ್ನು ಹಾಗೆ ನಡೆಸಿಕೊಂಡಿದೆ. ಮಗು ಹಾಳು ಮಾಡಿದ್ದನ್ನು ಖರ್ಚು ಎಂದು ಬರೆಯುವ ಅಧಿಕಾರ ಶಿಕ್ಷಕರಿಗೆ ಇರುವ ತನಕ ಮಾತ್ರ ಲ್ಯಾಬ್ ತೆರೆದಿರುತ್ತದೆ. 50,000 ಹೊಸ ಲ್ಯಾಬ್‌ಗಳ ಆದೇಶದಲ್ಲಿ ಈ ಒಂದು ಸಾಲು ಇದೆಯೇ ಎಂದು ನೋಡುವುದು ಮುಖ್ಯ.

ಇನ್ನೊಂದು ತಪ್ಪು ಕಲ್ಪನೆ ಎಂದರೆ ಕೈಯಾರೆ ಮಾಡಲು 20 ಲಕ್ಷ ಬೇಕೇ ಬೇಕು ಎಂಬುದು. ಅರವಿಂದ ಗುಪ್ತಾ 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದ ಜೊತೆ ಕೆಲಸ ಮಾಡುವಾಗ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬ್ ತುಂಡುಗಳಿಂದ ರೇಖಾಗಣಿತ ಕಲಿಸಿದರು. ತ್ರಿಕೋನ ಅಲುಗಾಡುವುದಿಲ್ಲ, ಚೌಕ ಅಲುಗಾಡುತ್ತದೆ ಎಂಬುದು ಮಗುವಿನ ಕೈಗೇ ಗೊತ್ತಾಗುತ್ತದೆ. ಸೇತುವೆಗಳಲ್ಲಿ ಯಾಕೆ ತ್ರಿಕೋನ ಇರುತ್ತದೆ ಎಂಬುದೂ ಅಲ್ಲೇ ಅರ್ಥವಾಗುತ್ತದೆ. ಪುಣೆ ಹತ್ತಿರದ ಪಾಬಳ ಹಳ್ಳಿಯಲ್ಲಿ ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಶುರು ಮಾಡಿದ ವಿಜ್ಞಾನ ಆಶ್ರಮ ಪ್ರೌಢಶಾಲೆಯ ಮಕ್ಕಳಿಗೆ ವಾರಕ್ಕೊಂದು ದಿನ ವೆಲ್ಡಿಂಗ್, ವೈರಿಂಗ್, ಕೃಷಿ, ಅಡುಗೆ-ಆರೋಗ್ಯದ ಕೆಲಸ ಕಲಿಸುವ ಪದ್ಧತಿ ಬೆಳೆಸಿತು. ಮಕ್ಕಳು ಊರಿಗೆ ಬೇಕಾದ ಕೆಲಸವನ್ನೇ ಮಾಡುತ್ತಾ ಕಲಿಯುತ್ತಾರೆ. ಡಿಜಿಟಲ್ ಯಂತ್ರಗಳ ಫ್ಯಾಬ್ ಲ್ಯಾಬ್ ಅಲ್ಲಿಗೆ ಬಂದದ್ದು ಆಮೇಲೆ, 2002ರಲ್ಲಿ. ಮೊದಲು ಕೈ ಪಳಗಿತು, ಆಮೇಲೆ ಯಂತ್ರ ಬಂತು. ಆ ಕ್ರಮ ಸರಿ ಎಂದೇ ಅನಿಸುತ್ತದೆ.

ನಲಿಕಲಿ ಕೋಣೆಯೊಳಗೆ ಎಐ

ರಾಜ್ಯ ಪಠ್ಯಕ್ರಮಕ್ಕೆ ಇದು ಬರುವುದಾದರೆ ಎಲ್ಲಿ ಬಂದು ಕೂರುತ್ತದೆ ಎಂದು ಯೋಚಿಸಿ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ ಎಂದರೆ ನಲಿಕಲಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪುಗಳಲ್ಲಿ, ಕಾರ್ಡ್ ಹಿಡಿದು ತಮ್ಮ ಮೆಟ್ಟಿಲಲ್ಲಿ ಕಲಿಯುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಆಂಧ್ರದ ಋಷಿ ವ್ಯಾಲಿ ಶಾಲೆಗಳಲ್ಲಿ ನೋಡಿ ಬಂದು ಕಟ್ಟಿದ ಪದ್ಧತಿ ಇದು, ಆಮೇಲೆ ಇಡೀ ರಾಜ್ಯಕ್ಕೆ ಹರಡಿತು. ಇಲ್ಲಿ ಹೊಸದೊಂದು ಎಐ ಪುಸ್ತಕ ತಂದು ಹಾಕಿದರೆ ಮೇಷ್ಟ್ರಿಗೆ ಹೊರೆ. ಆದರೆ ಹೆಜ್ಜೆ ಜೋಡಿಸುವ, ವಿನ್ಯಾಸ ಮುಂದುವರಿಸುವ, ಚುಕ್ಕಿ ರಂಗೋಲಿಯ ಕ್ರಮ ಹೇಳುವ ಹತ್ತಿಪ್ಪತ್ತು ಕಾರ್ಡ್‌ಗಳನ್ನು ಇರುವ ಮೆಟ್ಟಿಲುಗಳ ಒಳಗೇ ಸೇರಿಸಿದರೆ ಕೆಲಸ ಆಗುತ್ತದೆ, ಹೊಸ ಪೀರಿಯಡ್ ಬೇಡ, ಕಂಪ್ಯೂಟರ್ ಬೇಡ.

ವಿರೋಧಿಸುವವರ ಗಟ್ಟಿಯಾದ ವಾದವೂ ಇಲ್ಲಿಯೇ ಇದೆ. ಗ್ರಾಮೀಣ ಮಕ್ಕಳ ಕಲಿಕೆ ಅಳೆಯುವ 2024ರ ಅಸರ್ ಸಮೀಕ್ಷೆ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 23.4. ಶಾಲೆಗಳ ಬಗ್ಗೆ ಕೇಂದ್ರ ಸರ್ಕಾರ ಸಂಗ್ರಹಿಸುವ 2024-25ರ ಯುಡೈಸ್ ಅಂಕಿ ಪ್ರಕಾರ ದೇಶದಲ್ಲಿ 1,04,125 ಏಕೋಪಾಧ್ಯಾಯ ಶಾಲೆಗಳಿವೆ, ಶೇ 64.7 ಶಾಲೆಗಳಲ್ಲಿ ಮಾತ್ರ ಕಂಪ್ಯೂಟರ್ ಇದೆ, ಇಂಟರ್ನೆಟ್ ಇರುವುದು ಶೇ 63.5ರಲ್ಲಿ. ಈ ಅಂಕಿಗಳು ಶಾಲೆಯಲ್ಲಿ ಕಂಪ್ಯೂಟರ್ ಇದೆಯೇ ಎಂದು ಹೇಳುತ್ತವೆಯೇ ಹೊರತು, ಒಂದು ಮಗುವಿಗೆ ವಾರದಲ್ಲಿ ಎಷ್ಟು ಹೊತ್ತು ಸಿಗುತ್ತದೆ ಎಂದು ಹೇಳುವುದಿಲ್ಲ. ಮೊದಲು ಓದು ಬರಹ ಬರಲಿ ಎಂದು ಕೇಳುವವರನ್ನು ಹಿಂದುಳಿದವರು ಎಂದು ತಳ್ಳಿಹಾಕುವುದು ಅನ್ಯಾಯ. ಹಾಗೆಯೇ, ಓದು ಬರುವವರೆಗೆ ಕೈಕೆಲಸ ಬೇಡ ಎನ್ನುವುದೂ ತಪ್ಪು. ಗಾಳಿಪಟ ಮಾಡುವ ವಿಧಾನ ಓದಿ ಗಾಳಿಪಟ ಮಾಡುವ ಮಗುವಿಗೆ ಓದಲು ಒಂದು ಕಾರಣ ಸಿಗುತ್ತದೆ.

ಎಐಯೇ ಕೋಡ್ ಬರೆಯುವಾಗ ಮಗು ಯಾಕೆ ಕಲಿಯಬೇಕು?

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ. ಉದ್ಯೋಗಕ್ಕಾಗಿ ಮಾತ್ರ ಕೋಡಿಂಗ್ ಎಂದು ಕಲಿಸಿದ್ದರೆ ಆ ವಾದ ಈಗ ಸಡಿಲವಾಗಿದೆ, ಒಪ್ಪಿಕೊಳ್ಳಬೇಕು. ಎಂಟು ವರ್ಷದ ಮಗು ಕೆಲಸಕ್ಕೆ ಸೇರುವಾಗ ಯಾವ ಭಾಷೆ ಬಳಕೆಯಲ್ಲಿರುತ್ತದೆ ಎಂದು ಯಾರೂ ಹೇಳಲಾರರು. ಆದರೆ ಎಐ ಬರೆದುಕೊಟ್ಟ ಕೋಡ್ ಸರಿಯೋ ತಪ್ಪೋ ಎಂದು ನೋಡಲು, ನಮಗೆ ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಲು, ಹೆಜ್ಜೆಗಳಾಗಿ ಯೋಚಿಸುವ ಅಭ್ಯಾಸ ಬೇಕೇ ಬೇಕು. ಅಳಗುಳಿಮಣೆಯ ನಿಯಮ ಬರೆದ ಮಗುವಿಗೆ ಆ ಅಭ್ಯಾಸ ಇರುತ್ತದೆ. ಕೈಯಾರೆ ಮಾಡುವುದರ ಬೆಲೆಯಂತೂ ಈಗ ಇನ್ನೂ ಹೆಚ್ಚಾಗಿದೆ. ಚಾಟ್‌ಬಾಟ್ ತಪ್ಪು ಹೇಳಿದರೂ ಆತ್ಮವಿಶ್ವಾಸದಿಂದ ಹೇಳುತ್ತದೆ, ಹೊತ್ತದ ಬಲ್ಬು ಮಾತ್ರ ಹೊತ್ತಿಲ್ಲ ಎಂದೇ ತೋರಿಸುತ್ತದೆ. ತನ್ನ ಊಹೆ ತಪ್ಪು ಎಂದು ವಸ್ತುವೇ ಹೇಳುವ ಅನುಭವ ಬೇರೆ ಕಡೆ ಸಿಗುವುದು ಕಷ್ಟ.

ಯಾರು ಹಿಂದೆ ಉಳಿಯುತ್ತಾರೆ?

ಇಂಗ್ಲೆಂಡ್ 2014ರಲ್ಲಿ ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಕಡ್ಡಾಯ ಮಾಡಿತು. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಮಕ್ಕಳಿಗೆ ಮೈಕ್ರೊಬಿಟ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಹಂಚಿತು. ಕಡ್ಡಾಯ ಮಾಡಿದ ಮೂರು ವರ್ಷದ ನಂತರ, 2017ರಲ್ಲಿ, ಅಲ್ಲಿನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿ ನೋಡಿದಾಗ ಶೇ 54ರಷ್ಟು ಶಾಲೆಗಳು ಹದಿನಾರರ ವಯಸ್ಸಿನ ಪರೀಕ್ಷೆಗೆ ಕಂಪ್ಯೂಟರ್ ಸೈನ್ಸ್ ಕಲಿಸುತ್ತಲೇ ಇರಲಿಲ್ಲ. ಆ ವಿಷಯ ತೆಗೆದುಕೊಂಡವರಲ್ಲಿ ಹುಡುಗಿಯರು ಐದರಲ್ಲಿ ಒಬ್ಬರು. ಹಲವು ಶಿಕ್ಷಕರು ಸಿದ್ಧರಿರಲಿಲ್ಲ. ಅದಾದ ಮೇಲೆ ಸರ್ಕಾರ 8.4 ಕೋಟಿ ಪೌಂಡ್ ಇಟ್ಟು ಶಿಕ್ಷಕರ ತರಬೇತಿಗೆ ಹೊರಟಿತು. ಶ್ರೀಮಂತ ದೇಶವೂ ಮೊದಲು ಪಠ್ಯಕ್ರಮ, ಆಮೇಲೆ ಶಿಕ್ಷಕರು ಎಂಬ ಕ್ರಮದಲ್ಲಿ ಹೋಗಿ ಎಡವಿತು.

ನಮ್ಮಲ್ಲಿ ಎಡವಿದರೆ ಮೊದಲು ಬೀಳುವವರು ಯಾರು ಎಂಬುದು ಊಹಿಸಲು ಕಷ್ಟವಲ್ಲ. ಕ್ಲಬ್ ಶಾಲೆ ಬಿಟ್ಟ ಮೇಲೆ ಇದ್ದರೆ, ಕತ್ತಲಾಗುವ ಮುಂಚೆ ಮನೆಗೆ ಹೋಗಬೇಕಾದ ಹುಡುಗಿಯರು ಬಿಟ್ಟುಹೋಗುತ್ತಾರೆ. ಮೂವರಿಗೆ ಒಂದು ಕಂಪ್ಯೂಟರ್ ಆದರೆ ಮೌಸ್ ಯಾರ ಕೈಯಲ್ಲಿರುತ್ತದೆ ಎಂದು ಶಿಕ್ಷಕರು ನೋಡಿಕೊಳ್ಳದಿದ್ದರೆ ಅದು ಹುಡುಗರ ಕೈಯಲ್ಲೇ ಉಳಿಯುತ್ತದೆ. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದರೆ ಕನ್ನಡ ಮಾಧ್ಯಮದ ಮಗುವಿಗೆ ತರ್ಕ ಅರ್ಥವಾದರೂ ಪರದೆ ಅರ್ಥವಾಗುವುದಿಲ್ಲ, ತನಗೆ ಇದು ಬರುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಅಳಿಸುವುದು ಬಹಳ ಕಷ್ಟ.

ಮುಂದೆ ಏನಾಗಬಹುದು

ಈಗ ಕಾಣುವುದು ಎರಡು ದಾರಿ. ಒಂದರಲ್ಲಿ ರಾಜ್ಯ ಸರ್ಕಾರ ಟೆಂಡರ್ ಕರೆದು ಕಿಟ್, ಆ್ಯಪ್, ತರಬೇತುದಾರರನ್ನು ಒಟ್ಟಿಗೇ ಗುತ್ತಿಗೆ ಕೊಡುತ್ತದೆ. ಮೊದಲ ವರ್ಷ ಉದ್ಘಾಟನೆ ಚೆನ್ನಾಗಿರುತ್ತದೆ. ಮಾಹಿತಿ ಸಿಂಧುವಿನ ನಂತರ ಏನಾಯಿತೋ ಅದೇ ಮತ್ತೆ ಆಗುತ್ತದೆ. ಇನ್ನೊಂದರಲ್ಲಿ ಪ್ರತಿ ಪ್ರೌಢಶಾಲೆಯ ಒಬ್ಬ ಗಣಿತ ಅಥವಾ ವಿಜ್ಞಾನ ಶಿಕ್ಷಕರಿಗೆ ಹಂತ ಹಂತವಾಗಿ ತರಬೇತಿ, ವಾರಕ್ಕೆ ಕೆಲವು ಪೀರಿಯಡ್ ಬಿಡುವು, ಕನ್ನಡದ ಪಠ್ಯ. ಇದಕ್ಕೆ ಐದಾರು ವರ್ಷ ಬೇಕು, ಫೋಟೊ ತೆಗೆಯುವಂಥದ್ದು ಏನೂ ಇರುವುದಿಲ್ಲ. ಆದರೆ ಉಳಿಯುವುದು ಇದೇ.

ಪ್ರಾಥಮಿಕ ಹಂತದಲ್ಲಿ ಹೊಸದಾಗಿ ಶುರು ಮಾಡುವ ಅಗತ್ಯವೂ ಇಲ್ಲ. ನಾಲ್ಕು-ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನದ ಕಿಟ್‌ಗಳಿವೆ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆ. ಶಿಕ್ಷಣ ನೀತಿಯೇ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನ ಇಟ್ಟು, ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಎಂದಿದೆ. ಚನ್ನಪಟ್ಟಣದ ಮಕ್ಕಳಿಗೆ ಲೇತ್ ಯಂತ್ರ ನೋಡಲು 20 ಲಕ್ಷದ ಲ್ಯಾಬ್ ಬೇಡ, ಪಕ್ಕದ ಬೀದಿಯ ಗೊಂಬೆ ಮಾಡುವವರು ಸಾಕು.

ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಇರುವ ಪೋಷಕರು ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಬಹುದು. ಲ್ಯಾಬ್ ಅಥವಾ ಕಿಟ್ ಇದ್ದರೆ ಅದು ಟೈಮ್‌ಟೇಬಲ್‌ನಲ್ಲಿ ಯಾವ ದಿನ, ಯಾವ ಪೀರಿಯಡ್? ಅದನ್ನು ನೋಡಿಕೊಳ್ಳುವ ಶಿಕ್ಷಕರಿಗೆ ಕೊನೆಯ ತರಬೇತಿ ಆದದ್ದು ಯಾವಾಗ? ಸುಟ್ಟ ಬಲ್ಬು, ಮುರಿದ ಮೋಟರಿಗೆ ಈ ವರ್ಷ ಎಷ್ಟು ದುಡ್ಡು ಇಟ್ಟಿದ್ದೀರಿ? ಖಾಸಗಿ ಶಾಲೆಯ ಪೋಷಕರೂ ರೋಬೋಟಿಕ್ಸ್ ಫೀಸ್ ಕಟ್ಟುವ ಮುಂಚೆ ಇದನ್ನೇ ಕೇಳಬೇಕು. ಮೂರನೇ ಪ್ರಶ್ನೆಗೆ ಸಿಗುವ ಮೊತ್ತ ಸೊನ್ನೆ ಆಗಿದ್ದರೆ, ಆ ವರ್ಷ ಅಲ್ಲಿ ಯಾವ ಮಗುವೂ ಏನನ್ನೂ ಬಿಚ್ಚಿ ನೋಡಿಲ್ಲ ಎಂದೇ ತಿಳಿಯಬಹುದು. ಆಗ ಮುಖ್ಯ ಶಿಕ್ಷಕರ ಮೇಲೆ ಜಗಳಕ್ಕೆ ಹೋಗದೆ, ಖರ್ಚಾದ ಸಾಮಾನನ್ನು ದಾಸ್ತಾನಿನಿಂದ ಕಳೆಯಲು ಸಭೆಯಲ್ಲೇ ಠರಾವು ಬರೆದು ಅವರ ಬೆನ್ನಿಗೆ ನಿಲ್ಲಬೇಕು.